ನಂಬರೊಂದೇ ಸಾಲದು
ಕಾಂಟ್ಯಾಕ್ಟ್ ಲೆನ್ಸ್ ಕುರಿತು ಮನೆಮಂದಿಗೆ ಕೆಲವು ಮಾತುಗಳು

ಷಟ್‌ಸ್ಥಲ ಶಾಸ್ತ್ರವು ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗದ ನೆಲೆಯನ್ನು ಹೇಳುತ್ತದೆ. ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ. ಕಣ್ಣು ಕಂಡ ರೂಪವನ್ನು ಶಿವಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು ಅಲ್ಲಿಯ ಕ್ರಮ. ಇಂಥ ಕಣ್ಣಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುತ್ತಿರುವ ಒಂದು ಅಚಾತುರ್ಯವನ್ನು ಕಣ್ಣಾರೆ ಕಂಡ ಕಾರಣ ಈ ಲೇಖನವನ್ನು ಬರೆಯಬೇಕಾಯಿತು. ನಾವು ವೈದ್ಯರಲ್ಲ. ನೇತ್ರತಜ್ಞರನ್ನು ಕೇಳಿಯೂ ಗ್ರಂಥಗಳನ್ನು ನೋಡಿಯೂ ತಿಳಿದುಕೊಂಡುದನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ನಮಗೆ ಪರಿಚಿತವಾದ ಮನೆತನವೊಂದರಲ್ಲಿ ಮಗಳಿಗೆ ಮೈನಸ್ ಆರರ ಕನ್ನಡಕ. ವರನ ಕಡೆಯವರು ನೋಡಲು ಬರುವರೆಂದಾಗ ತಾಯಿಗೆ ಆ ದಪ್ಪ ಗಾಜಿನದೇ ಚಿಂತೆ. ಮನೆಯ ಹುಡುಗನೊಬ್ಬನ ಕೈಯಲ್ಲಿ ಕನ್ನಡಕದ ಚೀಟಿಯನ್ನು ಕೊಟ್ಟು ಕಳುಹಿಸಿದರು. ಅಂಗಡಿಯವರು ಅದರಲ್ಲಿದ್ದ ನಂಬರನ್ನೇ ನೋಡಿ ಲೆನ್ಸ್ ಕೊಟ್ಟರು. ಹುಡುಗಿಯನ್ನು ಕರೆತನ್ನಿ ಎನ್ನಲಿಲ್ಲ. ಬೀಗರು ಬಂದ ದಿನ ಬೆಳಗಿನಿಂದ ರಾತ್ರಿಯವರೆಗೆ ಅದು ಕಣ್ಣಿನಲ್ಲಿತ್ತು. ನೆಂಟರ ಗದ್ದಲದಲ್ಲಿ ತೆಗೆಯದೆ ಮಲಗಿದಳು. ಮರುದಿನ ನಲ್ಲಿಯ ನೀರಿನಲ್ಲಿ ತೊಳೆದು ಮತ್ತೆ ಹಾಕಿಕೊಂಡಳು. ಮೂರನೆಯ ದಿನ ಕಣ್ಣು ಕೆಂಡದಂತಾಗಿ ಬೆಳಕನ್ನು ನೋಡಲಾಗದಾಯಿತು. ಕಣ್ಣಿನ ಕರಿಯ ಭಾಗದ ಮೇಲೆ ಹುಣ್ಣಾಗಿತ್ತು. ಚಿಕಿತ್ಸೆಯಿಂದ ಹುಣ್ಣು ಮಾಯಿತು, ಬಿಳಿಯ ಕಲೆ ಉಳಿಯಿತು. ಸಂಬಂಧವೇನೋ ಕುದುರಿತು. ವಿಷಯ ತಿಳಿದಾಗ ವರನ ತಾಯಿ, “ಕನ್ನಡಕ ಇದ್ದರೆ ಒಲ್ಲೆವೆಂದು ನಿಮಗೆ ಯಾರು ಹೇಳಿದರು?” ಎಂದು ಕೇಳಿದರಂತೆ.

ಹುಡುಗಿಯ ತಾಯಿ ನಮ್ಮಲ್ಲಿ ಬಂದು ಅತ್ತಾಗ ಆಡಿದ ಮಾತು ಇದು: “ಶಾಸ್ತ್ರಿಗಳೇ, ಚೀಟಿ ಇತ್ತಲ್ಲ, ನಂಬರು ಸರಿಯಾಗಿಯೇ ಇತ್ತಲ್ಲ!” ಆ ತಾಯಿಯ ತಪ್ಪು ಕಲ್ಪನೆ ಇಲ್ಲಿಯೇ ಇದೆ. ಕಾಂಟ್ಯಾಕ್ಟ್ ಲೆನ್ಸಿಗೆ ಎರಡು ಬಗೆಯ ಅಳತೆಗಳುಂಟು: ಒಂದು ನೋಟದ ಅಳತೆ, ಇನ್ನೊಂದು ಕೂರುವ ಅಳತೆ. ಕನ್ನಡಕದ ಚೀಟಿಯಲ್ಲಿ ಎರಡನೆಯದು ಇಲ್ಲವೇ ಇಲ್ಲ. ಮೊದಲನೆಯದೂ ಇದ್ದಂತೆಯೇ ನಡೆಯದು. ಕನ್ನಡಕವು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಇರುತ್ತದೆ. ನಂಬರು ನಾಲ್ಕರೊಳಗಿದ್ದರೆ ಈ ಅಂತರದಿಂದ ಹೆಚ್ಚು ವ್ಯತ್ಯಾಸವಾಗದು. ಆದರೆ ಮೈನಸ್ 6ರ ಕನ್ನಡಕದವರಿಗೆ ಲೆನ್ಸಿನಲ್ಲಿ ಸುಮಾರು 5.5 ಸಾಕು, ಮೈನಸ್ 10 ಇದ್ದವರಿಗೆ 9 ಸಾಕು. ಪ್ಲಸ್ ನಂಬರಿನವರಿಗೆ ಇದಕ್ಕೆ ವಿರುದ್ಧವಾಗಿ ಹೆಚ್ಚಿಸಬೇಕಾಗುವುದು.

ಇನ್ನು ಕೂರುವ ಅಳತೆ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅಗಲ 12 ಮಿಲಿಮೀಟರಿಗಿಂತ ತುಸು ಕಡಿಮೆ, ನಡುವಿನ ದಪ್ಪ ಅರ್ಧ ಮಿಲಿಮೀಟರಿನಷ್ಟು. ಇಡೀ ಕಣ್ಣಿನ ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟು ಇದೊಂದರದೇ. ಇದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ನೋಟಕ್ಕೆ ಅಡ್ಡಿಯಾಗುತ್ತಿತ್ತು. ಆದುದರಿಂದ ತನಗೆ ಬೇಕಾದ ಪ್ರಾಣವಾಯುವನ್ನು ಮುಖ್ಯವಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳುಪದರದ ಮೂಲಕ ಪಡೆಯುತ್ತದೆ. ಲೆನ್ಸ್ ಕೂರುವುದು ಆ ಕಣ್ಣೀರಿನ ಪದರದ ಮೇಲೆ.

ಕಾರ್ನಿಯಾದ ಉಬ್ಬು ಎಲ್ಲರಿಗೂ ಒಂದೇ ಅಲ್ಲ. ಬಳೆಗಾರನು ಕೈಯನ್ನು ಹಿಡಿದು ಅಮುಕಿ ನೋಡಿ, ಈ ತಾಯಿಗೆ ಎರಡೂಕಾಲು, ಆ ತಾಯಿಗೆ ಎರಡೂವರೆ ಎನ್ನುವಂತೆ, ಕಣ್ಣಿಗೂ ಅಳತೆ ನೋಡಿಯೇ ತೊಡಿಸಬೇಕು. ಕೆರಟೋಮೀಟರ್ ಎಂಬ ಉಪಕರಣದಿಂದ ಉಬ್ಬನ್ನು ಅಳೆಯುತ್ತಾರೆ. ಆ ಉಬ್ಬಿನ ತ್ರಿಜ್ಯ ಸಾಮಾನ್ಯವಾಗಿ 7.8 ಮಿಲಿಮೀಟರಿನ ಆಸುಪಾಸು. ಮೆತ್ತನೆಯ ಲೆನ್ಸಿನ ಒಳಬಾಗು ಇದಕ್ಕಿಂತ ಚಪ್ಪಟೆಯಾಗಿ 8.3ರಿಂದ 9ರವರೆಗೆ ಇರುವುದು ವಾಡಿಕೆ. ಅಗಲ 14ರ ಸುಮಾರು. ಬಳಿಕ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ರೆಪ್ಪೆ, ಕಣ್ಣೀರು, ಕಾರ್ನಿಯಾಗಳನ್ನು ಪರೀಕ್ಷಿಸಿ, ಮಾದರಿಯ ಲೆನ್ಸೊಂದನ್ನು ಹಾಕಿ ಹದಿನೈದು ಇಪ್ಪತ್ತು ನಿಮಿಷ ಕೂರಿಸುತ್ತಾರೆ. ಬಂದವರು ಬೇಸರಪಡುವುದು ಇಲ್ಲಿಯೇ. ಆದರೆ ನಿಜವಾದ ಪರೀಕ್ಷೆ ಆ ಮೇಲಿನದು.

ಕಣ್ಣು ಮಿಟುಕಿಸಿದಾಗ ಮೆತ್ತನೆಯ ಲೆನ್ಸ್ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನಷ್ಟು ಅಲುಗಿ ಮತ್ತೆ ನಡುವಿಗೆ ಬರಬೇಕು. ಸಡಿಲವಾದರೆ ಜಾರಿ ಚುಚ್ಚುವುದು, ಮಿಟುಕಿಸಿದಾಗಲೆಲ್ಲ ನೋಟ ಕದಡುವುದು, ಹಾಕಿಕೊಂಡವರೇ ದೂರುತ್ತಾರೆ. ಬಿಗಿಯಾದುದು ಹಾಗಲ್ಲ. ಅದು ಅಲುಗದೆ ಕೂರುವುದರಿಂದ ಮೊದಲ ಗಂಟೆಗಳಲ್ಲಿ ಬಲು ಹಿತವೆನಿಸುತ್ತದೆ, ಕಣ್ಣಿನಲ್ಲಿ ಏನೂ ಇಲ್ಲವೆಂಬಂತಿರುತ್ತದೆ. ಒಳಗೆ ಕಣ್ಣೀರು ಹರಿಯದೆ ನಿಂತು, ಕಸ ಹೊರಬೀಳದೆ, ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗತೊಡಗುತ್ತದೆ. ಹಿತವಾಗಿದೆ ಎಂದು ಹಾಕಿಕೊಂಡವರು ಹೇಳಿದ ಮಾತ್ರಕ್ಕೆ ಸರಿಯಾಗಿದೆ ಎನ್ನುವಂತಿಲ್ಲ. ಆದ್ದರಿಂದಲೇ ತಜ್ಞರು ಕೆಳರೆಪ್ಪೆಯಿಂದ ಲೆನ್ಸನ್ನು ಮೆಲ್ಲನೆ ಮೇಲಕ್ಕೆ ತಳ್ಳಿ, ಅದು ಸರಾಗವಾಗಿ ಇಳಿಯುವುದೇ ಎಂದು ನೋಡುತ್ತಾರೆ. ಗಟ್ಟಿ ಲೆನ್ಸಾದರೆ ಫ್ಲೋರೆಸಿನ್ ಎಂಬ ಬಣ್ಣವನ್ನು ಹಾಕಿ, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಕಣ್ಣೀರು ಎಲ್ಲಿ ನಿಂತಿದೆ ಎಂಬುದನ್ನು ಗುರುತಿಸುತ್ತಾರೆ. ಚೀಟಿ ಹಿಡಿದು ಹೋದ ಹುಡುಗನಲ್ಲಿ ಇದನ್ನೆಲ್ಲ ನೋಡುವುದು ಹೇಗೆ?

ಮೆತ್ತನೆಯ ಲೆನ್ಸಿನ ಹುಟ್ಟು ಸ್ವಾರಸ್ಯಕರವಾದುದು. 1880ರ ದಶಕದಲ್ಲಿ ಫಿಕ್ ಮೊದಲಾದವರು ಗಾಜಿನ ಲೆನ್ಸ್ ಮಾಡಿದ್ದರು. ಅದನ್ನು ಹೆಚ್ಚು ಹೊತ್ತು ತಾಳುವಂತಿರಲಿಲ್ಲ. 1961ರ ಕ್ರಿಸ್‌ಮಸ್ ವೇಳೆಗೆ ಪ್ರಾಗ್ ನಗರದ ಓಟೋ ವಿಕ್ಟರ್ಲೆ ಎಂಬ ರಸಾಯನಶಾಸ್ತ್ರಜ್ಞರು ಮಕ್ಕಳ ಆಟದ ಜೋಡಣೆಯ ಪಟ್ಟಿಗಳನ್ನೂ ಸೈಕಲ್ಲಿನ ಡೈನಮೋವನ್ನೂ ಬಳಸಿ, ಮನೆಯಲ್ಲಿಯೇ ಯಂತ್ರ ಕಟ್ಟಿ, ನೀರು ಹೀರುವ ಪ್ಲಾಸ್ಟಿಕ್ಕಿನಿಂದ ಮೆತ್ತನೆಯ ಲೆನ್ಸ್ ತೆಗೆದರು. ನೀರು ಹೀರುವ ಆ ಗುಣವೇ ಅದರ ಹಿತಕ್ಕೂ ಅಪಾಯಕ್ಕೂ ಕಾರಣ. ನಲ್ಲಿಯ ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿಗೆ ಅಂಟಿ ಕಾರ್ನಿಯಾವನ್ನು ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಕುದಿಸಿ ಆರಿಸಿದ ನೀರೂ ಬೇಡ, ಉಗುಳಂತೂ ಕೂಡದು. ಅದಕ್ಕೆಂದೇ ಇರುವ ದ್ರಾವಣ ಮಾತ್ರ. ಅದನ್ನೂ ದಿನದಿನವೂ ಚೆಲ್ಲಿ ಹೊಸದನ್ನು ಹಾಕಬೇಕು, ಹಳೆಯದರ ಮೇಲೆ ಸುರಿಯಬಾರದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಮದುವೆಮನೆಗಳಲ್ಲಿ ಅಕ್ಕತಂಗಿಯರು ಬಣ್ಣದ ಲೆನ್ಸನ್ನು ಒಬ್ಬರದನ್ನೊಬ್ಬರು ಹಾಕಿಕೊಳ್ಳುವುದನ್ನು ಕೇಳಿದ್ದೇವೆ. ಓಲೆ, ಸರಗಳನ್ನು ಹಂಚಿಕೊಂಡಂತಲ್ಲ ಇದು.

ನಮ್ಮ ನಿತ್ಯಾಚರಣೆಗೆ ಸಂಬಂಧಿಸಿ ಒಂದು ಮಾತು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಅನಿಮಿಷ ದೃಷ್ಟಿಯಿಂದ ನೋಡುವಾಗ ರೆಪ್ಪೆಯಾಡುವುದು ಕಡಿಮೆಯಾಗಿ ಕಣ್ಣೀರು ಒಣಗುತ್ತದೆ. ಅದರೊಂದಿಗೆ ಲೆನ್ಸೂ ಒಣಗುತ್ತದೆ. ವಿಭೂತಿಯ ಕಣ ಬೆರಳಿನಲ್ಲಿ ಉಳಿದಿರುತ್ತದೆ. ಪಾದೋದಕದ ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಳ್ಳುವ ರೂಢಿಯೂ ಹಲವರಲ್ಲಿ ಉಂಟು. ಆದುದರಿಂದ ಸ್ನಾನ, ಪೂಜೆಗಳನ್ನು ಕನ್ನಡಕದಲ್ಲಿಯೇ ಮುಗಿಸಿ, ಕೈಗಳನ್ನು ಸಾಬೂನಿನಿಂದ ತೊಳೆದು ಪೂರ್ತಿ ಒರೆಸಿಕೊಂಡು, ಆ ಮೇಲೆ ಲೆನ್ಸ್ ಹಾಕಿಕೊಳ್ಳುವುದು ಲೇಸು.

ಹಿರಿಯರಿಗೂ ಇಲ್ಲಿ ಒಂದು ಸೂಚನೆಯುಂಟು. ಚಾಳೀಸಿನ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರದ ಓದಿಗೆ ಮಾಡುತ್ತಾರೆ. ಆ ದೂರಕ್ಕೆ 2.5 ಡಯಾಪ್ಟರ್ ಬೇಕು. ಕರಸ್ಥಲದ ಲಿಂಗ ಒಂದಡಿಯಷ್ಟೇ ದೂರದಲ್ಲಿದ್ದರೆ ಬೇಕಾಗುವುದು 3.3ರಷ್ಟು. ಗ್ರಂಥ ಸ್ಪಷ್ಟವಾಗಿ ಕಾಣುತ್ತಿದ್ದರೂ ಪೂಜೆಯಲ್ಲಿ ಲಿಂಗ ಮಸುಕಾಗುತ್ತಿದ್ದುದನ್ನು ನಾವು ಬಹುಕಾಲ ಚಿತ್ತಚಾಂಚಲ್ಯವೆಂದೇ ತಿಳಿದಿದ್ದೆವು! ಕನ್ನಡಕ ಮಾಡಿಸುವಾಗ ಕೈಯನ್ನು ಹಾಗೆಯೇ ಹಿಡಿದು ತೋರಿಸಿದರೆ, ಅವರು ಆ ದೂರಕ್ಕೆ ಅಳೆದು ಕೊಡುತ್ತಾರೆ.

ಲೆನ್ಸೇ ಬೇಡವೆಂದು ನಾವು ಹೇಳುತ್ತಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ, ಆಪರೇಷನ್ ಆದವರು ಸೋಡಾ ಬಾಟಲಿಯಂಥ ಪ್ಲಸ್ 10ರ ಕನ್ನಡಕ ಧರಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ವಸ್ತುಗಳು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಒಂದೇ ಕಣ್ಣಿನ ಪೊರೆ ತೆಗೆದವರಿಗೆ ಎರಡು ಕಣ್ಣಿನ ನೋಟ ಕೂಡುತ್ತಿರಲಿಲ್ಲ. ಅಂಥವರಿಗೆ ಲೆನ್ಸ್ ವರವಾಗಿತ್ತು. ಈಗ ಕಣ್ಣಿನೊಳಗೇ ಮಸೂರವನ್ನು ಇಡುವುದರಿಂದ ಆ ಕಷ್ಟ ಬಹುಮಟ್ಟಿಗೆ ನೀಗಿದೆ. ಕಾರ್ನಿಯಾ ಶಂಕುವಿನಂತೆ ಮುಂಚಾಚುವ ಕೆರಟೋಕೋನಸ್ ರೋಗದಲ್ಲಿ ಮಾತ್ರ, ಕನ್ನಡಕ ಸೋತ ಕಡೆ ಗಟ್ಟಿ ಲೆನ್ಸೇ ಇಂದಿಗೂ ನೋಟ ಕೊಡುತ್ತದೆ.

ಲೆನ್ಸ್ ಧರಿಸಿದವರಿಗೆ ಕಣ್ಣು ಕೆಂಪಾಗುವುದು, ನೋವು, ಬೆಳಕು ಸಹಿಸದಿರುವುದು, ನೋಟ ಮಸುಕಾಗುವುದು — ಇವುಗಳಲ್ಲಿ ಒಂದು ಕಂಡರೂ ತಕ್ಷಣ ತೆಗೆದು, ಮನೆಯಲ್ಲಿರುವ ಹಳೆಯ ಹನಿಗಳನ್ನು ಹಾಕದೆ, ಅದೇ ದಿನ ನೇತ್ರವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಲೆನ್ಸನ್ನೂ ಡಬ್ಬಿಯನ್ನೂ ತೊಳೆಯದೆ ಇದ್ದ ಹಾಗೆಯೇ ಒಯ್ಯಿರಿ; ರೋಗಾಣು ಯಾವುದೆಂದು ಪತ್ತೆಹಚ್ಚಲು ವೈದ್ಯರಿಗೆ ಅದು ನೆರವಾಗುವುದು.