ಹಿರಿಯರ ಸ್ವಾವಲಂಬನೆಯನ್ನು ಅಳೆಯುವ ಬಗೆ

ವಯಸ್ಸಾದವರ ಆರೋಗ್ಯವೆಂದರೆ ರಕ್ತದೊತ್ತಡ ಮತ್ತು ಸಕ್ಕರೆಯ ಅಂಕಿಗಳಷ್ಟೇ ಎಂಬ ಭಾವನೆ ಸಾಮಾನ್ಯವಾಗಿದ್ದರೂ, ನಿತ್ಯದ ಕೆಲಸಗಳನ್ನು ಅವರು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರು ಎಂಬುದು ಅಷ್ಟೇ ಮಹತ್ವದ ಸಂಗತಿ. ವೈದ್ಯಶಾಸ್ತ್ರವು ಇದನ್ನು ಕ್ರಿಯಾತ್ಮಕ ಸ್ವಾವಲಂಬನೆ ಎಂದು ಕರೆಯುತ್ತದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂಚ್ಯಂಕವು ಸ್ನಾನ, ಉಡುಗೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ, ಊಟ ಎಂಬ ಆರನ್ನು ನೋಡಿದರೆ, ಲಾಟನ್ ಮತ್ತು ಬ್ರೋಡಿ ಅವರ 1969ರ ಮಾಪಕವು ಅಡುಗೆ, ಪೇಟೆ, ಔಷಧ, ಹಣದ ವ್ಯವಹಾರಗಳೂ ಸೇರಿದ ಎಂಟು ಕೆಲಸಗಳನ್ನು ಪರಿಶೀಲಿಸುತ್ತದೆ. ಸಾಮಾನ್ಯವಾಗಿ ಮೊದಲು ಕುಂದುವುದು ಈ ಎರಡನೆಯ ಬಗೆಯ ಕೆಲಸಗಳ ಸಾಮರ್ಥ್ಯವೇ.

ಆದರೆ ಈ ಪ್ರಶ್ನೆಗಳನ್ನು ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲಿ ಇದ್ದಂತೆಯೇ ಕೇಳಿದರೆ ಉತ್ತರ ದಾರಿ ತಪ್ಪಿಸಬಹುದು. ಸೊಸೆ ಬಂದ ಮೇಲೆ ಒಲೆಯನ್ನು ಅವಳಿಗೊಪ್ಪಿಸಿದ ಬಾದಾಮಿಯ ಅತ್ತೆ ರೊಟ್ಟಿ ಬಡಿಯುವುದನ್ನು ಮರೆತಿರುವುದಿಲ್ಲ. ಎಂದೂ ಅಡುಗೆ ಮಾಡಿರದ ಹುನಗುಂದದ ರೈತ ಈಗಲೂ ಮಾಡದಿರುವುದು ಅಶಕ್ತತೆಯಲ್ಲ. ಆದ್ದರಿಂದ ಏನು ಮಾಡುತ್ತಾರೆ ಎಂಬುದರ ಜೊತೆಗೆ, ಮಾಡಬೇಕಾಗಿ ಬಂದರೆ ಮಾಡಬಲ್ಲರೇ ಎಂದೂ ಕೇಳಬೇಕಾಗುತ್ತದೆ.

ಇಳಕಲ್ಲಿನ ನೇಕಾರರ ಮನೆಗಳು ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿವೆ. ಗುಂಡಿಮಗ್ಗದಲ್ಲಿ ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ ಲಾಳಿ ಓಡಿಸುವುದಕ್ಕೆ ಮೊಣಕಾಲು, ಸೊಂಟ, ತೋಳುಗಳ ಹೊಂದಾಣಿಕೆ ಬೇಕು. ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದಕ್ಕೆ ಕಣ್ಣಿನ ಚುರುಕು ಮತ್ತು ಬೆರಳಿನ ತುದಿಯ ಸ್ಪರ್ಶ ಬೇಕು. ಮಗ್ಗ ಬಿಟ್ಟ ಹಿರಿಯರು ಲಾಳಿಯ ಕಂಡಿಕೆಗೆ ನೂಲು ಸುತ್ತುವುದನ್ನು ಮುಂದುವರಿಸಿದ್ದಾರೆಯೇ, ಎಳೆ ಹರಿದಾಗ ಗಂಟು ಹಾಕಬಲ್ಲರೇ, ಗುಂಡಿಯಿಂದ ಆಸರೆಯಿಲ್ಲದೆ ಮೇಲೇಳಬಲ್ಲರೇ ಎಂಬ ವಿವರಗಳು ಯಾವ ವಿದೇಶಿ ಮಾಪಕದಲ್ಲಿಯೂ ಸಿಗುವುದಿಲ್ಲವಾದರೂ, ಬಲ್ಲ ವೈದ್ಯರಿಗೆ ಬಹಳಷ್ಟನ್ನು ತಿಳಿಸುತ್ತವೆ.

ಸ್ವಾವಲಂಬನೆ ದೇಹವೊಂದನ್ನೇ ಅವಲಂಬಿಸಿಲ್ಲ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದವರಲ್ಲಿ, ಕಾಲ್ನಡಿಗೆಯಲ್ಲೇ ಪೇಟೆಗೆ ಹೋಗುತ್ತಿದ್ದ ಹಿರಿಯರಿಗೆ ಆಟೊ ಹತ್ತಬೇಕಾಗಿ ಬಂದರೆ, ಕಾಲಿನ ಬಲ ಅಷ್ಟೇ ಇದ್ದರೂ ಅವಲಂಬನೆ ಹೆಚ್ಚುತ್ತದೆ. ಶೌಚಗೃಹದ ಗೋಡೆಗೆ ಹಿಡಿಕೆಯೊಂದನ್ನು ಅಳವಡಿಸಿದರೆ ಕುಕ್ಕರಗಾಲಿನಿಂದ ಮೇಲೇಳಲಾರದವರು ಮತ್ತೆ ತಾವೇ ಏಳಬಲ್ಲರು.

ಸಾಮರ್ಥ್ಯವು ವರ್ಷಗಳಲ್ಲಿ ನಿಧಾನವಾಗಿ ಇಳಿಯುವುದು ಒಂದು ಬಗೆಯಾದರೆ, ಕೆಲವೇ ದಿನಗಳಲ್ಲಿ ಕುಸಿಯುವುದು ಬೇರೆಯೇ ಬಗೆ. ನಿನ್ನೆ ಮೊನ್ನೆಯವರೆಗೆ ತಾವೇ ಸೀರೆಯುಟ್ಟು ಓಡಾಡುತ್ತಿದ್ದ ಅಜ್ಜಿ ಇಂದು ನೆರಿಗೆ ಹಿಡಿಯಲಾರದಿದ್ದರೆ, ಅದು ಸೋಂಕು, ಪಾರ್ಶ್ವವಾಯು ಅಥವಾ ಔಷಧದ ಅಡ್ಡಪರಿಣಾಮವಾಗಿರಬಹುದಾದ್ದರಿಂದ, ವಯಸ್ಸಾಯಿತೆಂದು ಕೈಕಟ್ಟಿ ಕೂರದೆ ಮನೆಯವರು ಅವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.