ನಾಲ್ಕು ಹಲ್ಲು ಕಿತ್ತ ಕಟ್ಟರ್

ನಾನು ಊರಿಗೆ 'ಮಿಲ್' ತಂದಿದ್ದೇನೆಂಬ ಸುದ್ದಿ ಹಬ್ಬಿದ ಮೂರನೇ ದಿನಕ್ಕೆ ಬೀದಿಯ ಕೊನೆಯ ಮನೆ ಅಜ್ಜಿ ಐದು ಸೇರು ರಾಗಿ ಹೊತ್ತು ಬಂದರು. ಇದು ಹಿಟ್ಟಿನ ಗಿರಣಿಯಲ್ಲ, ಕಬ್ಬಿಣ ತರಿಯುವ ಮಷಿನ್ನು ಎಂದೆ. "ಕಬ್ಬಿಣ ತರ್ದು ಏನ್ ಮಾಡೀಯಪ್ಪ?" ಎಂದವರು ಉತ್ತರಕ್ಕೂ ಕಾಯದೆ ಗಂಟು ಎತ್ತಿಕೊಂಡು ಹೋದರು.

ಸೋಸಲೆ ಎಂದರೆ ಹೊರಗಿನವರಿಗೆ ವ್ಯಾಸರಾಜ ಮಠ. ಪಕ್ಕದಲ್ಲಿ ಕಾವೇರಿ, ಸುತ್ತ ಭತ್ತ, ಕಬ್ಬು. ಮಿಲ್ಲಿಂಗ್ ಕೆಲಸವಿದ್ದರೆ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೋ ಮೈಸೂರಿನ ಹೆಬ್ಬಾಳ, ಮೇಟಗಳ್ಳಿಗೋ ಹೋಗಬೇಕು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದೊಡ್ಡ ಮಷಿನ್ನುಗಳ ಮುಂದೆ ನಿಂತು ಬಂದವನಿಗೆ ಕೈ ಸುಮ್ಮನಿರಲಿಲ್ಲ. ದನವಿಲ್ಲದ ಕೊಟ್ಟಿಗೆಯ ಗೊಂತು ಒಡೆಸಿ, ಸಿಮೆಂಟ್ ಕಟ್ಟೆ ಕಟ್ಟಿಸಿ, ನೂರು ಕೆಜಿ ಆಸುಪಾಸಿನ ಸಣ್ಣ ಮಿಲ್ಲಿಂಗ್ ಮಷಿನ್ ಕೂರಿಸಿದೆ. 750 ವಾಟ್ ಮೋಟಾರ್, ಮನೆಯ ಸಿಂಗಲ್ ಫೇಸ್ ಕರೆಂಟು, ಟೇಬಲ್ ತಳ್ಳಲು ಕೈಹಿಡಿ. ಮೂವತ್ತು ವರ್ಷದ ಅನುಭವವೇ ನನ್ನ ದಾರಿ ತಪ್ಪಿಸಿತು ಎಂಬುದು ಮೊದಲನೇ ವಾರದಲ್ಲೇ ಗೊತ್ತಾಯಿತು.

ಪಕ್ಕದ ತೋಟದವನು ಪಂಪ್‌ಸೆಟ್ಟಿನ ಬೇಸ್ ತಂದಿದ್ದ. ದಪ್ಪ ಪ್ಲೇಟಿನ ಮೇಲೆ 45 ಮಿಲಿಮೀಟರ್ ಅಗಲದ ಎರಡು ಎಂ.ಎಸ್. (ಮೆದು ಉಕ್ಕಿನ) ಪಟ್ಟಿ ವೆಲ್ಡ್ ಮಾಡಿಸಿದ್ದ, ಮೋಟಾರಿನ ಪಾದ ಕೂರಲು. ವೆಲ್ಡಿಂಗ್ ಬಿಸಿಗೆ ಪಟ್ಟಿಗಳು ಸೊಟ್ಟಗಾಗಿದ್ದವು. ಹಾಗೇ ಬೋಲ್ಟ್ ಬಿಗಿದರೆ ಮೋಟಾರಿನ ಮೈಯೇ ತಿರುಚಿಕೊಂಡು, ಕಪ್ಲಿಂಗ್ ಸಾಲು ತಪ್ಪಿ, ಬೇರಿಂಗ್ ಬೇಗ ಹೋಗುತ್ತದೆ. ಪಟ್ಟಿಗಳ ಮೇಲ್ಮೈ ಸಮ ಮಾಡಿಕೊಡಬೇಕಿತ್ತು. ಬಡಗಿ ಹಲಗೆಗೆ ಕೀಸುಳಿ ಹಾಕಿದಂತೆ ಲೋಹದ ಮುಖವನ್ನು ತರಿದು ಸಪಾಟು ಮಾಡುವುದೇ ಫೇಸ್ ಮಿಲ್ಲಿಂಗ್. ಇಲ್ಲಿ ಜಾಬ್, ಅಂದರೆ ತರಿಯಬೇಕಾದ ವಸ್ತು, ಟೇಬಲ್ಲಿನ ಮೇಲೆ ಸರಿಯುತ್ತದೆ, ಕಟ್ಟರ್ ಮೇಲಿನಿಂದ ತಿರುಗುತ್ತದೆ.

ನಾನು ಎತ್ತಿಕೊಂಡದ್ದು 63 ಮಿಲಿಮೀಟರಿನ ಫೇಸ್ ಮಿಲ್, ಐದು ಕಾರ್ಬೈಡ್ ಇನ್ಸರ್ಟಿನದು, ಅಂದರೆ ಸ್ಕ್ರೂ ಹಾಕಿ ಕೂರಿಸುವ ಐದು ಹಲ್ಲಿನದು. ಕಟ್ಟಿನ ಅಗಲ ಕಟ್ಟರಿನ ವ್ಯಾಸದ ಮೂರರಲ್ಲಿ ಎರಡು ಪಾಲಿನಿಂದ ಮುಕ್ಕಾಲು ಪಾಲಿನವರೆಗೆ ಇರಬೇಕೆಂಬುದು ಕಲಿತ ಪಾಠ. 45ಕ್ಕೆ 63 ಹೇಳಿ ಮಾಡಿಸಿದ ಹಾಗಿತ್ತು. ಒಂದು ಮಿಲಿ ಕಟ್ ಕೊಟ್ಟು ಕೈಹಿಡಿ ತಿರುಗಿಸಿದೆ. ಕಿರುಚಾಟ ಶುರುವಾಯಿತು. ಪಟ್ಟಿಯ ಮೇಲೆ ಮೀನಿನ ಹುರುಪೆಯಂಥ ಗುರುತು. ಮೆಲ್ಲಗೆ ತಿರುಗಿಸಿದಷ್ಟೂ ಸದ್ದು ಜಾಸ್ತಿ. ಸಿಟ್ಟು ಬಂದು ಜೋರಾಗಿ ತಿರುಗಿಸಿದೆ. ಮೋಟಾರ್ ಒಮ್ಮೆ ಮುಲುಗಿ ನಿಂತೇ ಹೋಯಿತು.

"ಏನಣ್ಣ, ನಮ್ ಟಿಲ್ಲರು ಕೆಸರಲ್ಲಿ ಹೂತ್ಕಂಡಂಗಾಯ್ತಲ್ಲ" ಎಂದ ತೋಟದವನು.

ರಾತ್ರಿ ಕಾಗದ ಹಿಡಿದು ಕೂತೆ. ಎಂ.ಎಸ್.ಗೆ ಕಾರ್ಬೈಡ್ ಮಿನಿಟಿಗೆ 120 ಮೀಟರ್ ವೇಗದಲ್ಲಿ ಓಡಲೆಂದರೆ 63ರ ಕಟ್ಟರ್ ಸುಮಾರು 600 ಸುತ್ತು ತಿರುಗಬೇಕು. ಒಂದೊಂದು ಹಲ್ಲು ಪ್ರತಿ ಸುತ್ತಿಗೆ 0.1 ಮಿಲಿ ಕಚ್ಚಬೇಕೆಂದರೆ ಐದು ಹಲ್ಲಿಗೆ ಟೇಬಲ್ ಮಿನಿಟಿಗೆ 300 ಮಿಲಿ ಓಡಬೇಕು. ನನ್ನ ಸ್ಕ್ರೂ ಪಿಚ್ 2.5 ಮಿಲಿ. ಅಂದರೆ ಕೈಹಿಡಿಯನ್ನು ಮಿನಿಟಿಗೆ 120 ಸಲ, ಒಂದೇ ಸಮ, ತಿರುಗಿಸಬೇಕು. ಯಾರ ಕೈಲಾಗುತ್ತದೆ? ಆಯಿತೆಂದೇ ಇಟ್ಟುಕೊಳ್ಳಿ, ಆಗ ಮಿನಿಟಿಗೆ 13.5 ಘನ ಸೆಂಟಿಮೀಟರ್ ಲೋಹ ಕಳಚಬೇಕು, ಅದಕ್ಕೆ ಕಟ್ಟರಿನ ತುದಿಯಲ್ಲೇ ಐನೂರು ವಾಟಿಗೂ ಮೇಲೆ ಬೇಕು. ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ನಮ್ಮ ಬೀದಿಯ ವೋಲ್ಟೇಜು ಎಷ್ಟಿರುತ್ತದೆಂದು ಊರಲ್ಲಿದ್ದವರಿಗೆ ಗೊತ್ತು. 750 ಎಂಬುದು ಮೋಟಾರಿನ ಹಣೆಯ ಮೇಲಿನ ಬರಹ, ಅಷ್ಟೆ.

ಮೆಲ್ಲಗೆ ತಿರುಗಿಸಿದಾಗ ಕಿರುಚಿದ್ದೇಕೆ? ಅದು ಕಾರ್ಬೈಡಿನ ಗುಣ. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇದನ್ನು 'ವಿಡಿಯಾ' ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. 'ವಜ್ರದಂತೆ' ಎಂಬರ್ಥದ ಜರ್ಮನ್ ಮಾತಿನಿಂದ ಹುಟ್ಟಿದ ಹೆಸರು. ಬೆಂಗಳೂರಿನ ತುಮಕೂರು ರಸ್ತೆಯಲ್ಲೂ ವಿಡಿಯಾ ಕಾರ್ಖಾನೆ ಇತ್ತು. ಮುಂದೆ ಅದು ಕೆನ್ನಾಮೆಟಲ್ ಆಯಿತು. ನಮ್ಮ ಹಳೇ ಟರ್ನರುಗಳು ಇವತ್ತಿಗೂ ಯಾವ ಕಂಪನಿಯ ಕಾರ್ಬೈಡನ್ನಾದರೂ ವಿಡಿಯಾ ಬಿಟ್ ಎಂದೇ ಕರೆಯುತ್ತಾರೆ. ಉಕ್ಕಿನ ಬಿಟ್ ಮೆತ್ತಗಾಗುವಷ್ಟು ಬಿಸಿಯಲ್ಲೂ ಅದು ಗಟ್ಟಿಯಾಗಿಯೇ ಇರುತ್ತದೆ. ಆದರೆ ಗಾಜಿನಂತೆ ಪೆಡಸು, ತೀರಾ ಚೂಪು ಮಾಡಿದರೆ ಅಂಚು ಉದುರುತ್ತದೆ. ಹಾಗಾಗಿ ಉಕ್ಕು ತರಿಯುವ ಇನ್ಸರ್ಟುಗಳ ಅಂಚನ್ನು ಕೂದಲೆಳೆಯಷ್ಟು ಮೊಂಡು ಮಾಡಿಯೇ ಕಳಿಸುತ್ತಾರೆ. ಮೊಂಡು ಕುಡುಗೋಲಿಗೆ ಹಿಡಿ ತುಂಬ ಹುಲ್ಲು ಸಿಕ್ಕರೆ ಹೇಗೋ ಕೊಯ್ಯುತ್ತದೆ, ಎರಡೇ ಎಸಳು ಸಿಕ್ಕರೆ ಬಾಗಿಸಿ ಜಾರಿಕೊಳ್ಳುತ್ತದೆ. ನನ್ನ ಐದು ಹಲ್ಲಿಗೂ ಎರಡೆರಡೇ ಎಸಳು ಸಿಗುತ್ತಿತ್ತು. ಕೊಯ್ಯುವ ಬದಲು ಉಜ್ಜುತ್ತಿದ್ದವು.

ಕ್ಯಾಟಲಾಗಿನ ಲೆಕ್ಕ ತಪ್ಪಲ್ಲ. ಅದು ಬರೆದಿರುವುದು ಬೇರೆ ಮಷಿನ್ನಿಗೆ. ಎಚ್‌ಎಂಟಿ ಎಂದರೆ ಈಗಿನವರು ಮಣಿಕಟ್ಟು ನೋಡಿಕೊಳ್ಳುತ್ತಾರೆ. 1953ರಲ್ಲಿ ಶುರುವಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ವಾಚಿಗೆ ಕೈಹಾಕಿದ್ದು ಆಮೇಲೆ. ಮಷಿನ್ನೇ ಅದರ ಕಸುಬು. ಅದರ ಮಿಲ್ಲಿಂಗ್ ಮಷಿನ್ನುಗಳೂ, ಬೆಂಗಳೂರಿನದೇ ಭಾರತ್ ಫ್ರಿಟ್ಜ್ ವರ್ನರ್‌ನವೂ ಟನ್ನುಗಟ್ಟಲೆ ಬೀಡು ಕಬ್ಬಿಣದವು. ಕಟ್ಟರ್ ಗುದ್ದಿದರೂ ಮೈ ಅಲುಗದು, ಟೇಬಲ್ ತಾನೇ ಓಡುತ್ತದೆ. ಅಲ್ಲಿ ಪಳಗಿದ ಕಣ್ಣಿನಲ್ಲಿ ನಾನು ಜಾಬ್ ಅಗಲ ನೋಡಿ ಕಟ್ಟರ್ ಆರಿಸಿದ್ದೆ. ಮಷಿನ್ನನ್ನು ನೋಡಿರಲಿಲ್ಲ. ಹಳ್ಳಿಕಾರ್ ಜೋಡಿ ಎಳೆಯುವ ನೇಗಿಲನ್ನು ಕರುವಿನ ಹೆಗಲಿಗೆ ಕಟ್ಟಿದ್ದೆ.

ಬೆಳಿಗ್ಗೆ ಎದ್ದು ಸ್ಕ್ರೂ ಸಡಿಲಿಸಿ ಐದರಲ್ಲಿ ನಾಲ್ಕು ಇನ್ಸರ್ಟ್ ಕಿತ್ತಿಟ್ಟೆ. ಒಂಟಿ ಹಲ್ಲಿಗೆ 0.1 ಮಿಲಿ ಕೊಡಲು ಟೇಬಲ್ ಮಿನಿಟಿಗೆ 60 ಮಿಲಿ ಓಡಿದರೆ ಸಾಕು, ಕೈಹಿಡಿ 24 ಸುತ್ತು. ಎಲೆಅಡಿಕೆ ಹಾಕಿಕೊಂಡೇ ತಿರುಗಿಸಬಹುದಾದ ಲೆಕ್ಕ. ಮೋಟಾರಿಗೂ ಭಾರ ಐದರಲ್ಲೊಂದು ಪಾಲು. ಒಂದು ಮಿಲಿ ಕಟ್ ಕೊಟ್ಟೆ. ಟಕ್, ಟಕ್, ಟಕ್ ಎಂದು ಸಮಸದ್ದು. ಚಿಪ್ಸ್ ಚಿಕ್ಕ ಅಲ್ಪವಿರಾಮಗಳಂತೆ ಸುರುಟಿಕೊಂಡು ನೀಲಿ ಬಣ್ಣಕ್ಕೆ ತಿರುಗಿ ಬಿದ್ದವು. ಬಿಸಿಯೆಲ್ಲ ಚಿಪ್ಸಿನ ಜೊತೆ ಹೊರಟುಹೋಗುತ್ತಿದೆ ಎಂದರ್ಥ. ಕೈಯಲ್ಲಿ ಮುಟ್ಟಿದರೆ ಪಟ್ಟಿ ಬೆಚ್ಚಗಿತ್ತು, ಅಷ್ಟೇ. ಹಲ್ಲೊಂದೇ ಆದ್ದರಿಂದ ಒಂದು ಇನ್ಸರ್ಟ್ ಮೇಲೆ, ಒಂದು ಕೆಳಗೆ ಕೂತು ಗೀರು ಬೀಳುವ ತಾಪತ್ರಯವೂ ಇಲ್ಲ.

ಹಾಗಾದರೆ ಹೊಸದಾಗಿ ಕೊಳ್ಳುವವರು ಏನು ಕೊಳ್ಳಬೇಕು? ಉಕ್ಕಿಗೆ ನನ್ನ ಆಯ್ಕೆ 40 ಮಿಲಿಮೀಟರಿನ, 90 ಡಿಗ್ರಿಯ, ಮೂರು ಇನ್ಸರ್ಟಿನ ಕಟ್ಟರ್. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಎಪಿಎಂಟಿ 1604 ಕೂರುವಂಥದ್ದು. ಆ ಇನ್ಸರ್ಟಿನ ಅಂಚೇ 16 ಮಿಲಿ ಉದ್ದ. ನಾವು ಕೊಡುವುದು ಒಂದು ಮಿಲಿ ಕಟ್, ಅಷ್ಟುದ್ದದ ಅಂಚಿಗೆ ದುಡ್ಡು ದಂಡ. ಸಣ್ಣ ಇನ್ಸರ್ಟಿನದನ್ನೇ ಕೇಳಿ. ಅಗಲ ಸಾಲದಿದ್ದರೆ ಎರಡು ಸಲ ಓಡಿಸಿ, ನಮಗೇನು ಶಿಫ್ಟ್ ಮುಗಿಯುವ ಅವಸರವೇ?

ಅಲ್ಯೂಮಿನಿಯಂ ಬೇರೆಯದೇ ಕತೆ. ಮೈಸೂರು ಸೀಮೆಯಲ್ಲಿ ಹವ್ಯಾಸದ ಮಷಿನ್ ಇಟ್ಟವನ ಬಾಗಿಲಿಗೆ ಒಂದಲ್ಲ ಒಂದು ದಿನ ಜಾವಾ ಬಂದೇ ಬರುತ್ತದೆ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಬೈಕುಗಳು ಸತ್ತಿಲ್ಲ. ಅಂಥ ಒಂದು ಬೈಕಿನ ಅಲ್ಯೂಮಿನಿಯಂ ಕವರ್ ಮುಖ ಹಸನು ಮಾಡುವಾಗ ನಾನು ಇನ್ಸರ್ಟ್ ಮುಟ್ಟಲೇ ಇಲ್ಲ. ಫ್ಲೈ ಕಟ್ಟರ್ ತೆಗೆದೆ. ಒಂದು ಉಕ್ಕಿನ ಗುಂಡು, ಅದರಲ್ಲಿ ಓರೆಯಾಗಿ ಕೊರೆದ ತೋಡು, ಅದಕ್ಕೆ ಮೂರು ಸೂತಿನ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್, ಬಿಗಿಯಲು ಎರಡು ಸ್ಕ್ರೂ. ಬಿಟ್ಟನ್ನು ನಾವೇ ಗ್ರೈಂಡರಿಗೆ ಹಿಡಿದು, ಮೂತಿ ಸ್ವಲ್ಪ ಗುಂಡಗೆ ಮಾಡಿ, ಎಣ್ಣೆಗಲ್ಲಿನ ಮೇಲೆ ಸಾಣೆ ಹಿಡಿಯಬೇಕು. ಉಗುರಿನ ಮೇಲೆ ಇಟ್ಟರೆ ಜಾರದೆ ಕಚ್ಚಿಕೊಳ್ಳಬೇಕು. ಇಷ್ಟು ಚೂಪಿದ್ದರೆ 0.05 ಮಿಲಿಯ ಕಟ್ಟನ್ನೂ ಉಜ್ಜದೆ ಕೊಯ್ಯುತ್ತದೆ. 60 ಮಿಲಿ ವೃತ್ತಕ್ಕೆ 400 ಸುತ್ತು, ಅಂಟಿಕೊಳ್ಳದಂತೆ ಬ್ರಷ್ಷಿನಲ್ಲಿ ಎರಡು ಹನಿ ಸೀಮೆಎಣ್ಣೆ. ಕವರಿನಲ್ಲಿ ನನ್ನ ಮೀಸೆ ಕಾಣಿಸಿತು.

ಇದೇ ಫ್ಲೈ ಕಟ್ಟರನ್ನು ಉಕ್ಕಿಗೆ ಹಾಕಲು ಹೋದರೆ ಎಚ್‌ಎಸ್‌ಎಸ್ಸಿಗೆ ವೇಗ ಮಿನಿಟಿಗೆ 25 ಮೀಟರಿಗೆ ಇಳಿಯಬೇಕು, ಅಂದರೆ 130 ಸುತ್ತು. ಎಲೆಕ್ಟ್ರಾನಿಕ್ ನಾಬ್ ತಿರುಗಿಸಿ ವೇಗ ಇಳಿಸುವ ಸಣ್ಣ ಮಷಿನ್ನುಗಳಿಗೆ ಅಷ್ಟು ಕೆಳಗೆ ಕಸುವೇ ಇರುವುದಿಲ್ಲ. ಗೇರ್ ಅಥವಾ ಬೆಲ್ಟ್ ಬದಲಿಸುವ ಮಷಿನ್ನಾದರೆ ಸರಿ. ಬೀಡು ಕಬ್ಬಿಣದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಎರಕದ ಮೇಲ್ಚರ್ಮದಲ್ಲಿ ಮರಳು ಕೂತಿರುತ್ತದೆ, ಎಚ್‌ಎಸ್‌ಎಸ್ ಅಂಚು ನಿಮಿಷದಲ್ಲಿ ಹೋಗುತ್ತದೆ. ಕಾರ್ಬೈಡನ್ನೇ ಹಾಕಿ ಮೊದಲ ಕಟ್ಟಿನಲ್ಲೇ ಚರ್ಮದ ಕೆಳಗಿಳಿಯಬೇಕು. ಎಣ್ಣೆ ಬೇಡ.

ಫ್ಲೈ ಕಟ್ಟರ್ ತಿರುಗುವಾಗ ಬಿಟ್ ಕಣ್ಣಿಗೆ ಕಾಣುವುದಿಲ್ಲ, ಬರೀ ನೆರಳು. ಹೆಗಲ ಮೇಲಿನ ಟವೆಲ್ಲು, ಉಟ್ಟ ಪಂಚೆ ಎರಡಕ್ಕೂ ಕೊಟ್ಟಿಗೆಯೊಳಗೆ ಪ್ರವೇಶವಿಲ್ಲ. ಕನ್ನಡಕ ಕಡ್ಡಾಯ.

ಯಾವ ಕಟ್ಟರ್ ಹಾಕಿದರೂ ಮಷಿನ್ನಿನ ತಲೆ ನೆಟ್ಟಗಿರಬೇಕು. ಕಟ್ಟರ್ ತಿರುಗಿಸುವ ಸ್ಪಿಂಡಲ್ಲಿಗೆ ಡಯಲ್ ಗೇಜ್ ಸಿಕ್ಕಿಸಿ ಟೇಬಲ್ಲಿನ ಮೇಲೆ ಸುತ್ತು ಹಾಕಿಸಿದರೆ ತಲೆ ಎಷ್ಟು ವಾಲಿದೆ ಎಂದು ಮುಳ್ಳೇ ಹೇಳುತ್ತದೆ. ನನ್ನದು 100 ಮಿಲಿಗೆ 0.02 ವಾಲಿತ್ತು. ಸರಿಯುವ ದಿಕ್ಕಿಗೆ ವಾಲಿದ್ದರೆ 60 ಮಿಲಿ ಕಟ್ಟರ್ ಮೇಲ್ಮೈಯನ್ನು ತಟ್ಟೆಯಂತೆ ಆರು ಮೈಕ್ರಾನ್ ತಗ್ಗಿಸುತ್ತದೆ. ಅಡ್ಡಕ್ಕೆ ವಾಲಿದ್ದರೆ ಸಾಲಿನಿಂದ ಸಾಲಿಗೆ ಮೆಟ್ಟಿಲು. ಪಂಪಿನ ಬೇಸಿಗೆ ಇದು ಲೆಕ್ಕಕ್ಕಿಲ್ಲ. ಆದರೂ ಒಂದು ಮಧ್ಯಾಹ್ನ ಅದರಲ್ಲೇ ಕಳೆದೆ.

ತೋಟದವನು ಸಂಜೆ ಬಂದ. ಮೋಟಾರನ್ನು ಪಟ್ಟಿಗಳ ಮೇಲೆ ಇಟ್ಟು, ಬೋಲ್ಟ್ ಬಿಗಿಯದೆ, ನಾಲ್ಕೂ ಪಾದದಡಿ ಫೀಲರ್ ಗೇಜ್ ತೂರಿಸಿ ನೋಡಿದೆ. 0.05ರ ಎಸಳು ಎಲ್ಲೂ ಒಳಗೆ ಹೋಗಲಿಲ್ಲ. ಅವನು ಬೇಸಿನ ಕಡೆ ಹೆಚ್ಚು ನೋಡಲಿಲ್ಲ. ಬೆಂಚಿನ ಮೇಲೆ ಸಾಲಾಗಿಟ್ಟಿದ್ದ ನಾಲ್ಕು ಇನ್ಸರ್ಟುಗಳನ್ನು ಬೆರಳಿನಲ್ಲಿ ಸರಿಸುತ್ತಾ, "ಇವೇನಣ್ಣ, ಉಳ್ಕಂಡ್ವಾ?" ಎಂದು ಕೇಳಿದ.