ಸಾವಯವ ಸೊಪ್ಪು ಸರಿ ಸ್ವಾಮಿ, ಬೆಳೆದ ಊರು ಯಾವುದು?

ಬೆಳಿಗ್ಗೆ ಆರೂಕಾಲು. ಮಾಗಡಿ ರೋಡಿನ ಸುಂಕದಕಟ್ಟೆ ಸ್ಟಾಪು. ತಾವರೆಕೆರೆ ಕಡೆಯಿಂದ ಬಂದ ಬಸ್ಸಿನ ಮುಂಬಾಗಿಲಿಂದ ಮೊದಲು ಒಂದು ಗೋಣಿಮೂಟೆ ಇಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು.

ಮೂಟೆ ಬಿಚ್ಚಿದರೆ ದಂಟು, ಸಬ್ಬಸಿಗೆ, ಮೆಂತ್ಯ, ಒಂದಿಷ್ಟು ನಾಟಿ ಕೊತ್ತಂಬರಿ. ಬೇರಿನಲ್ಲಿ ಇನ್ನೂ ಹಸಿ ಮಣ್ಣು. ಫುಟ್‌ಪಾತಿನ ಮೇಲೆ ಹಾಸಿ ಕೂತ ಅರ್ಧ ಗಂಟೆಯಲ್ಲಿ ಒಂದು ಮೂಟೆ ಖಾಲಿ!

‘ಔಷಧಿ ಹೊಡೀತೀರಾ ಅಕ್ಕ?’ ಅಂದೆ.

‘ನಾವೂ ಅದನ್ನೇ ತಿನ್ನೋದು ಕಣಣ್ಣ. ಮೂರು ವರ್ಷ ಆಯ್ತು ಬಿಟ್ಟು. ಬೇವಿನ ಕಷಾಯ, ಗಂಜಲ, ಅಷ್ಟೇಯ.’

ವಿಷಕ್ಕೆ ‘ಔಷಧಿ’ ಅನ್ನೋದು ನಮ್ಮ ಹಳ್ಳಿ ರೂಢಿ. ಆ ಮಾತು ಹಾಗಿರಲಿ. ಈಕೆಗೆ ಇರೋದು 30 ಗುಂಟೆ ಜಮೀನು, ಒಂದು ಕೊಳವೆ ಬಾವಿ, ಎರಡು ಹಸು. ಪಕ್ಕದ ಹೊಲಕ್ಕೆ ಆಗಲೇ ಸೈಟಿನ ಕಲ್ಲು ನೆಟ್ಟಾಗಿದೆ. ಬ್ರೋಕರು ವಾರಕ್ಕೊಮ್ಮೆ ಮನೆ ಬಾಗಿಲಿಗೆ ಬಂದು ಕಾಫಿ ಕುಡಿದು ಹೋಗ್ತಾನೆ. ‘ಮಗ ಮಾರಿಬಿಡು ಅಂತಾನೆ. ಈ ಸೊಪ್ಪು ಕೈ ಹಿಡಿದರೆ ನಾನು ಮಾರಲ್ಲ’ ಅಂತಾಳೆ ತಾಯಿ.

ಸಾವಯವ, ಆರ್ಗ್ಯಾನಿಕ್ಕು, ತೋಟದಿಂದ ನೇರ ಮನೆಗೆ... ಈ ಮಾತೆಲ್ಲ ರಾಜಾಜಿನಗರ, ಬಸವೇಶ್ವರನಗರದ ಬೋರ್ಡುಗಳ ಮೇಲೆ ಮಿಂಚುತ್ತಾ ಇರುವಾಗ, ಅದರ ನಿಜವಾದ ಲೆಕ್ಕ ನಿಂತಿರೋದು ಈ ಗೋಣಿಮೂಟೆಯ ಮೇಲೆ.

ವರದಿಗಾರನೂ ಟೋಪಿ ಹಾಕಿಸಿಕೊಂಡ

ಮೊದಲು ನನ್ನ ಕಥೆ ಹೇಳಿ ಮುಗಿಸ್ತೀನಿ. ಹೋದ ವರ್ಷ ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ‘ಸಾವಯವ’ ಅಂತ ಹಸಿರು ಚೀಟಿ ಅಂಟಿಸಿದ ಬೀನ್ಸು, ಕ್ಯಾರೆಟ್ಟು ಮೂರು ತಿಂಗಳು ಕೊಂಡೆ. ಮಾಮೂಲಿಗಿಂತ ದುಪ್ಪಟ್ಟು ರೇಟು. ಮನೆಯಲ್ಲಿ ಮಗು ಇದೆ, ಹೋಗಲಿ ಅಂತ. ಒಂದು ಬೆಳಗಿನ ಜಾವ ಸುದ್ದಿಗೆ ಅಂತ ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಹೋದರೆ, ಅದೇ ಅಂಗಡಿಯ ಹುಡುಗ ಅದೇ ಬೀನ್ಸನ್ನು ಮೂಟೆಗಟ್ಟಲೆ ಆಟೋಗೆ ತುಂಬಿಸ್ತಾ ನಿಂತಿದ್ದಾನೆ! ನನ್ನ ನೋಡಿ ನಕ್ಕ. ನಾನೂ ನಕ್ಕೆ. ಇನ್ನೇನು ಮಾಡೋದು? ಚೀಟಿ ಅಂಟಿಸೋಕೆ ಒಂದು ರೂಪಾಯಿ ಖರ್ಚಿಲ್ಲ.

ಅವತ್ತಿಂದ ತಲೆಗೆ ಹತ್ತಿದ ಹುಳ ಇದು. ನಿಜವಾದದ್ದು ಯಾವುದು, ಚೀಟಿಯದು ಯಾವುದು? ಬಸ್ಸಿಗೆ ನಿಂತ ಗಿರಾಕಿಗೆ ತಿಳಿಯೋದು ಹ್ಯಾಗೆ?

ಒಂದು ರೂಪಾಯಿಯಲ್ಲಿ ರೈತನಿಗೆಷ್ಟು?

ನೇರವಾಗಿ ಕೊಳ್ಳೋದರಿಂದ ಯಾರಿಗೆ ಏನು ಲಾಭ ಅಂತ ಕೇಳಿದರೆ ಮೊದಲು ಈ ಲೆಕ್ಕ ನೋಡಿ. ರಿಸರ್ವ್ ಬ್ಯಾಂಕು 2024ರಲ್ಲಿ ಹೊರಹಾಕಿದ ಅಧ್ಯಯನದ ಪ್ರಕಾರ, ಗಿರಾಕಿ ಟೊಮ್ಯಾಟೊಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಮುಟ್ಟೋದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದು ಲಾರಿ, ಹಮಾಲಿ, ಕಮಿಷನ್ನು, ಕೊಳೆತದ್ದು, ಅಂಗಡಿ ಬಾಡಿಗೆ, ಲಾಭ ಅಂತ ದಾರಿಯುದ್ದಕ್ಕೂ ಕರಗುತ್ತೆ. ಇದು ಇಡೀ ದೇಶದ ಮಾತು.

ಸುಂಕದಕಟ್ಟೆಯ ಅಕ್ಕನ ಲೆಕ್ಕ ಇನ್ನೂ ಸರಳ. ಮಾರ್ಕೆಟ್ಟಿಗೆ ಹಾಕಿದರೆ ಕಟ್ಟಿಗೆ 5 ರೂಪಾಯಿ ಸಿಕ್ಕಿದರೆ ಪುಣ್ಯ. ಸ್ಟಾಪಿನಲ್ಲಿ ಕೂತು ಮಾರಿದರೆ 15. ಆದರೆ ನೇರ ಮಾರಾಟ ಅಂದರೆ ಬಿಟ್ಟಿ ಮಾರಾಟ ಅಲ್ಲ. ರಾತ್ರಿಯೆಲ್ಲ ಕಟ್ಟು ಕಟ್ಟಬೇಕು, ನಾಲ್ಕಕ್ಕೆ ಎದ್ದು ಬಸ್ಸು ಹಿಡೀಬೇಕು, ಮಳೆ ಬಂದರೆ ಮೂಟೆ ಹಾಗೇ ವಾಪಸ್ಸು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ‘ಅದೊಂದು ಅನುಕೂಲ ಆಯ್ತು ಕಣಣ್ಣ’ ಅಂತಾಳೆ.

ಇದೇನು ಹೊಸದೇ?

ಬೆಳೆದವನೇ ತಂದು ಮಾರೋದು ಬೆಂಗಳೂರಿಗೆ ಹೊಸದಲ್ಲ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯೋದು ಹೀಗೇ ಅಲ್ವೇ? ಚಳಿಗಾಲದಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆಕಾಯಿ ಬಂದರೆ ಮೂಗಿಗೇ ಗೊತ್ತಾಗುತ್ತೆ, ಅದಕ್ಕೆ ಚೀಟಿ ಬೇಕಾಗಿಲ್ಲ!

ಸಂಘ ಕಟ್ಟಿ ಮಾಡಿದ ಪ್ರಯತ್ನವೂ ಹಳೆಯದೇ. 1959ರಲ್ಲಿ ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಕಟ್ಟಿದರು. ದ್ರಾಕ್ಷಿಯಿಂದ ಹಣ್ಣು, ಹಣ್ಣಿನಿಂದ ತರಕಾರಿಗೆ ಬೆಳೆದು ಅದೇ 1980ರ ದಶಕದಲ್ಲಿ ‘ಹಾಪ್‌ಕಾಮ್ಸ್’ ಆಯಿತು. ಪಂಜಾಬು 1987ರಲ್ಲಿ ‘ಅಪ್ನಿ ಮಂಡಿ’, ಆಂಧ್ರ 1999ರಲ್ಲಿ ‘ರೈತು ಬಜಾರ್’, ಅದೇ ವರ್ಷ ತಮಿಳುನಾಡು ‘ಉಳವರ್ ಸಂದೈ’ ತೆರೆಯಿತು. ನಮ್ಮಲ್ಲಿ ‘ರೈತ ಸಂತೆ’ ಅಂತ ಬಂತು.

ಆದರೆ ಇಲ್ಲೇ ಒಂದು ಗೊಂದಲ. ನೇರ ಬೇರೆ, ಸಾವಯವ ಬೇರೆ. ರೈತನ ಕೈಯಿಂದಲೇ ಬಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಅಂತ ಅರ್ಥವಲ್ಲ. ಎರಡೂ ಒಟ್ಟಿಗೆ ಬೇಕು ಅಂದರೆ ಎರಡನ್ನೂ ಕೇಳಬೇಕು.

ಸಾವಯವದ ಮಾತಿಗೆ ಬಂದರೆ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 2004ರಲ್ಲೇ ಸರ್ಕಾರ ಸಾವಯವ ಕೃಷಿ ನೀತಿ ಮಾಡಿತು. ದೊಡ್ಡಬಳ್ಳಾಪುರ ಕಡೆಯ ಎಲ್. ನಾರಾಯಣ ರೆಡ್ಡಿಯವರು, 2019ರಲ್ಲಿ ತೀರಿಕೊಳ್ಳುವ ತನಕ, ತಮ್ಮ ತೋಟಕ್ಕೆ ಬಂದವರಿಗೆಲ್ಲ ರಾಸಾಯನಿಕ ಇಲ್ಲದ ಬೇಸಾಯ ಹೇಳಿಕೊಟ್ಟರು. ಜಿ. ಕೃಷ್ಣಪ್ರಸಾದ್ ಮತ್ತು ಗೆಳೆಯರ ‘ಸಹಜ ಸಮೃದ್ಧ’ ದೇಸಿ ಬೀಜ ಉಳಿಸಿಕೊಂಡು ಬಂತು, 2010ರಲ್ಲಿ ರೈತರದೇ ಉತ್ಪಾದಕರ ಕಂಪನಿಯನ್ನೂ ಹುಟ್ಟುಹಾಕಿತು.

ಔಷಧಿ ಹೊಡೆದರೆ ಏನಾಗುತ್ತೆ ಅಂತ ಉಡಾಫೆ ಮಾತಾಡೋರು ಒಮ್ಮೆ ಕಾಸರಗೋಡಿನ ಕಡೆ ತಿರುಗಿ ನೋಡಬೇಕು. ಅಲ್ಲಿನ ಸರ್ಕಾರಿ ಗೇರು ತೋಟಗಳಿಗೆ 2000ದವರೆಗೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಪಡ್ರೆಯಂಥ ಊರುಗಳ ಕನ್ನಡ, ತುಳು ಮನೆಗಳ ಸಂಕಟ ಲೋಕಕ್ಕೆ ಗೊತ್ತಾಗೋಕೆ ಅಲ್ಲಿನ ವೈದ್ಯರು, ಪತ್ರಕರ್ತರು ಒದ್ದಾಡಬೇಕಾಯಿತು. ಸುಪ್ರೀಂ ಕೋರ್ಟು ಆ ವಿಷಕ್ಕೆ ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ.

ನೀರು ಯಾವುದು ಸ್ವಾಮಿ?

ಈಗ ನಮ್ಮ ಪಶ್ಚಿಮ ಬೆಂಗಳೂರಿನ ಸ್ವಂತ ರೋಗಕ್ಕೆ ಬರೋಣ. ಬಸವನ ಪಾದದಿಂದ ಹುಟ್ಟಿದ್ದು ಅಂತ ನಂಬಿಕೆ ಇರುವ ವೃಷಭಾವತಿ, ಗಾಳಿ ಆಂಜನೇಯನ ಗುಡಿ ಪಕ್ಕದಲ್ಲಿ, ಮೈಸೂರು ರೋಡಿನ ಉದ್ದಕ್ಕೂ, ಕೆಂಗೇರಿ ದಾಟಿ ಬಿಡದಿ ಕಡೆಗೆ ಹರಿಯುತ್ತೆ. ಹರಿಯೋದು ಏನು ಅಂತ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಹೇಳಬೇಕಾಗಿಲ್ಲ, ಮೂಗು ಮುಚ್ಚಿಕೊಂಡೇ ಕೂತಿರ್ತಾರೆ. ರಾಜಾಜಿನಗರ, ವಿಜಯನಗರದ ಮನೆಗಳ ಕೊಳಚೆ, ಪೀಣ್ಯದ ಕಾರ್ಖಾನೆಗಳ ಕಷ್ಮಲ ಎಲ್ಲಾ ಸೇರಿ ಬೈರಮಂಗಲ ಕೆರೆಗೆ. 1940ರ ದಶಕದಲ್ಲಿ ರೈತರಿಗೆ ನೀರುಣಿಸಲು ಕಟ್ಟಿದ ಕೆರೆ ಅದು. ಒಂದು ಕಾಲಕ್ಕೆ ಭತ್ತ ಬೆಳೀತಿದ್ದ ಗದ್ದೆಗಳಲ್ಲಿ ಈಗ ಹೆಚ್ಚಾಗಿ ಹಿಪ್ಪುನೇರಳೆ, ಬೇಬಿಕಾರ್ನು, ಸೀಮೆಹುಲ್ಲು.

ಈ ನೀರಿನ ಸೀಮೆಯ ಮಣ್ಣು, ಬೆಳೆಗಳಲ್ಲಿ ಸೀಸ, ಕ್ರೋಮಿಯಂ ಥರದ ಲೋಹ ಇದೆ ಅಂತ ಸಂಶೋಧಕರು ಹೇಳಿದ್ದಾರೆ. ಬೇರಿನಿಂದ ಒಳಗೆ ಏರಿದ ಲೋಹ ಉಪ್ಪುನೀರಿನಲ್ಲಿ ತೊಳೆದರೆ ಹೋಗಲ್ಲ. ಅದರಲ್ಲೂ ಸೊಪ್ಪು ಹೆಚ್ಚು ಹೀರುತ್ತೆ.

ಅಂದಮೇಲೆ? ಒಬ್ಬ ರೈತ ಒಂದು ಹನಿ ಔಷಧಿಯನ್ನೂ ಹೊಡೆಯದೆ, ಗೊಬ್ಬರವನ್ನೇ ಹಾಕಿ, ನಮ್ಮ ಮನೆಯಿಂದ ಹತ್ತೇ ಮೈಲಿ ದೂರದಲ್ಲಿ ಬೆಳೆದಿರಬಹುದು. ನೀರು ಮೋರಿಯದಾದರೆ ಅದು ಸಾವಯವ ಅಲ್ಲವೇ ಅಲ್ಲ. ಆ ರೈತನನ್ನು ಬೈದು ಪ್ರಯೋಜನವೂ ಇಲ್ಲ. ಆ ಕೊಳಚೆ ಬಿಟ್ಟವರು ಮೇಲಿರುವ ನಾವು. ನಾವು ಬಿಟ್ಟದ್ದೇ ಕಟ್ಟು ಕಟ್ಟಿಕೊಂಡು ನಮ್ಮ ಬಾಗಿಲಿಗೆ ವಾಪಸ್ಸು ಬರುತ್ತೆ!

ಸರ್ಟಿಫಿಕೇಟಿನ ಪುರಾಣ

ಸರ್ಟಿಫಿಕೇಟ್ ಕೇಳಿದರೆ ಮುಗೀತಲ್ಲ ಅಂತೀರಾ? ಅಷ್ಟು ಸುಲಭ ಇಲ್ಲ. ರಫ್ತಿನ ಮಾಲಿಗೆ ಅಂತ ಶುರುವಾದ ಪದ್ಧತಿಯಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತೆ, ಅದಕ್ಕೆ ಶುಲ್ಕ. 30 ಗುಂಟೆಯವರಿಗೆ ಎಟುಕದು. ಇನ್ನೊಂದು ಪಿಜಿಎಸ್ ಪದ್ಧತಿ. ಕನಿಷ್ಠ ಐದು ಜನ ಅಕ್ಕಪಕ್ಕದ ರೈತರು ಗುಂಪು ಕಟ್ಟಿ, ಒಬ್ಬರ ಹೊಲ ಇನ್ನೊಬ್ಬರು ನೋಡಿ, ಒಬ್ಬರಿಗೊಬ್ಬರು ಜವಾಬು. ಖರ್ಚು ಕಡಿಮೆ. ಊರಿನವರ ಕಣ್ಣು ತಪ್ಪಿಸಿ ಔಷಧಿ ಹೊಡೆಯೋದು ಇನ್‌ಸ್ಪೆಕ್ಟರ ಕಣ್ಣು ತಪ್ಪಿಸಿದಷ್ಟು ಸಲೀಸಲ್ಲ, ನೋಡಿ.

ಇವತ್ತು ಬಿಟ್ಟು ನಾಳೆಯಿಂದ ಸಾವಯವ ಅನ್ನೋಹಾಗೂ ಇಲ್ಲ. ಮಾಮೂಲಿ ಬೆಳೆಗೆ ಎರಡು ವರ್ಷ, ಮರಗಿಡದ ಬೆಳೆಗೆ ಮೂರು ವರ್ಷ ಹೊಲ ಕಾಯಬೇಕು. ಆ ಎರಡು ವರ್ಷದಲ್ಲೇ ಸಣ್ಣ ರೈತ ಸೋಲೋದು. ಇಳುವರಿ ಇಳಿದಿರುತ್ತೆ, ಹೆಚ್ಚಿನ ರೇಟು ಇನ್ನೂ ಸಿಗೋದಿಲ್ಲ.

2017ರ ಆಹಾರ ಸುರಕ್ಷಾ ನಿಯಮದ ಪ್ರಕಾರ ‘ಸಾವಯವ’ ಅಂತ ಮಾರೋದಕ್ಕೆ ಪ್ರಮಾಣಪತ್ರ ಬೇಕು. ವರ್ಷಕ್ಕೆ 12 ಲಕ್ಷದ ಒಳಗಿನ ವಹಿವಾಟಿನ ಸಣ್ಣ ಬೆಳೆಗಾರ ತಾನೇ ಗಿರಾಕಿಗೆ ನೇರ ಮಾರಿದರೆ ಮಾತ್ರ ವಿನಾಯಿತಿ, ಆದರೆ ಆತ ‘ಜೈವಿಕ್ ಭಾರತ್’ ಮುದ್ರೆ ಹಾಕೋ ಹಾಗಿಲ್ಲ. ಕೊಂಡು ಮಾರುವ ಅಂಗಡಿಗೆ ಈ ರಿಯಾಯಿತಿ ಇಲ್ಲ. ಅಂಗಡಿಯ ಮಿತ್ರರೇ, ಇದನ್ನು ಎರಡು ಸಲ ಓದಿಕೊಳ್ಳಿ.

ಅಂಗಡಿಯವರ ಹೊಟ್ಟೆಪಾಡು

‘ಎಲ್ಲರೂ ರೈತನ ಹತ್ತಿರವೇ ಕೊಂಡರೆ ನಾವು ಎಲ್ಲಿಗೆ ಹೋಗೋಣ ಸಾರ್?’ ವಿಜಯನಗರ ಮಾರುತಿ ಮಂದಿರದ ಹತ್ತಿರ ತರಕಾರಿ ಮಾರುವವರೊಬ್ಬರು ಕೇಳಿದ ಪ್ರಶ್ನೆ. ನ್ಯಾಯವಾದದ್ದೇ. ಅವರೂ ರಾತ್ರಿ ಮೂರಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗ್ತಾರೆ. ಸಾಲ ಕೊಟ್ಟು ಬೀದಿಯನ್ನು ಸಾಕ್ತಾರೆ. ಎಲ್ಲರಿಗೂ ಬೆಳಿಗ್ಗೆ ಆರಕ್ಕೆ ಸ್ಟಾಪಿಗೆ ಓಡೋಕೆ ಆಗುತ್ತಾ? ಎಂಟೂವರೆ ಬಸ್ಸು ಹಿಡಿಯುವವನಿಗೆ ಬೀದಿ ಕೊನೆಯ ಅಂಗಡಿಯೇ ಗತಿ.

ಹಾಗಾದರೆ ಹೀಗೆ ಮಾಡಬಹುದಲ್ಲ? ಅಂಗಡಿಯಲ್ಲಿ ಒಂದು ಬುಟ್ಟಿ ಜಾಗ ಇಂಥ ಒಬ್ಬ ಬೆಳೆಗಾರ್ತಿಗೆ. ದಿನಕ್ಕೆ ಮೂವತ್ತು ಕಟ್ಟು, ಬಂದ ಕೂಡಲೇ ನಗದು. ಆಕೆ ಏಳಕ್ಕೆ ಬಸ್ಸು ಹತ್ತಿ ಹೊಲಕ್ಕೆ ಹೋಗ್ತಾಳೆ. ಪ್ರಮಾಣಪತ್ರ ಇಲ್ಲದಿದ್ದರೆ ‘ಸಾವಯವ’ ಅಂತ ಬರೀಬೇಡಿ, ಊರಿನ ಹೆಸರು ಬರೀರಿ. ಗಿರಾಕಿ ಕೇಳಿದರೆ ಬೆಳೆದವರನ್ನೇ ತೋರಿಸಿ. ಅದಕ್ಕಿಂತ ದೊಡ್ಡ ಬೋರ್ಡು ಉಂಟೇ?

ಜಪಾನಿನಲ್ಲಿ 1970ರ ದಶಕದಲ್ಲಿ ಪಟ್ಟಣದ ತಾಯಂದಿರು ರೈತರ ಜೊತೆ ಒಪ್ಪಂದ ಮಾಡಿಕೊಂಡು ‘ಟೇಕೇ’ ಅಂತ ಒಂದು ಪದ್ಧತಿ ನಡೆಸಿದರು. ಬೆಳೆದದ್ದನ್ನು ಇಷ್ಟು ಮನೆಯವರು ತಪ್ಪದೆ ಕೊಳ್ತೀವಿ ಅಂತ ಮಾತು. ಸುಗ್ಗಿ ಹೆಚ್ಚಿದರೂ ಕಡಿಮೆಯಾದರೂ ಮಾತು ಮಾತೇ. ಇಪ್ಪತ್ತು ಮನೆ ಸೇರಿದರೆ ಕೆಂಗೇರಿ ಉಪನಗರದಲ್ಲೂ ಅದು ಆಗದ ಕೆಲಸವೇನಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆ

ಚೀಟಿ ನೋಡಿ ಮೋಸ ಹೋದವನು ಕಲಿತ ಪಾಠ ಇಷ್ಟು. ಯಾರ ಹತ್ತಿರವಾದರೂ ಸರಿ, ನಗುನಗುತ್ತಾ ಕೇಳಿ.

ಊರು ಯಾವುದು? ನಿಜವಾಗಿ ಬೆಳೆದವರು ಊರಿನ ಜೊತೆಗೆ ಬಸ್ ಸ್ಟಾಪನ್ನೂ ಹೇಳ್ತಾರೆ.

ನೀರು ಎಲ್ಲಿಂದ? ಕೊಳವೆ ಬಾವಿಯೋ, ಕೆರೆಯೋ, ಕಾಲುವೆಯೋ?

ಹುಳ ಬಿದ್ದರೆ ಏನು ಮಾಡ್ತೀರಿ? ‘ಹುಳವೇ ಬೀಳಲ್ಲ’ ಅಂದವರನ್ನು ನಂಬಬೇಡಿ.

ಕಡೆಯದು, ಎಲ್ಲಕ್ಕಿಂತ ಮುಖ್ಯ: ಈಗ ಏನಿಲ್ಲ? ಹೊಲ ಇಟ್ಟವರ ಹತ್ತಿರ ವರ್ಷಪೂರ್ತಿ ಎಲ್ಲಾ ಇರೋದು ಸಾಧ್ಯವೇ ಇಲ್ಲ. ಮೇ ತಿಂಗಳಲ್ಲಿ ಸೊಗಡವರೆ, ಹೂಕೋಸು, ಸೇಬು ಎಲ್ಲಾ ಒಂದೇ ಗಾಡಿಯಲ್ಲಿ ‘ನಮ್ಮ ತೋಟದ್ದು’ ಅಂದರೆ ಅವರ ತೋಟ ಕಲಾಸಿಪಾಳ್ಯದಲ್ಲಿದೆ ಅಂತ ತಿಳಿಯಿರಿ!

ನಿನ್ನೆ ಮತ್ತೆ ಸುಂಕದಕಟ್ಟೆಗೆ ಹೋಗಿದ್ದೆ. ‘ಏನಿಲ್ಲ ಅಕ್ಕ ಇವತ್ತು?’ ಅಂದೆ.

‘ಮೆಂತ್ಯ ಇಲ್ಲ ಕಣಣ್ಣ, ಮಳೆಗೆ ಹೋಯ್ತು. ಮುಂದಿನ ವಾರ ಬಾ.’

‘ಬ್ರೋಕರು ಬಂದಿದ್ನಾ?’

‘ಬಂದಿದ್ದ. ಕಾಫಿ ಕೊಟ್ಟು ಕಳಿಸ್ದೆ.’

ಎರಡು ಕಟ್ಟು ದಂಟು ಕೊಂಡು 30 ರೂಪಾಯಿ ಕೊಟ್ಟೆ. ಅಷ್ಟಕ್ಕೆಲ್ಲ 30 ಗುಂಟೆ ಉಳಿಯುತ್ತಾ ಅಂತ ಕೇಳಬೇಡಿ. ಆ ಸ್ಟಾಪಿನಲ್ಲಿ ದಿನಾ ಬೆಳಿಗ್ಗೆ ಎಷ್ಟು ಜನ ಬಸ್ಸಿಗೆ ನಿಂತಿರ್ತಾರೆ ಅಂತ ನೀವೇ ಎಣಿಸಿ ನೋಡಿ.